ಮರಮ್ಮತ್: ಹಳೆಯ ಮೋಟಾರಿನೊಳಗಿನ ಚರಿತ್ರೆ

ಕನ್ನಡದಲ್ಲಿ ನಾವು ದಿನಾ ಬಳಸುವ ‘ದುರಸ್ತಿ’ ಎಂಬ ಮಾತು ಫಾರಸಿಯಿಂದ ಬಂದದ್ದು. ‘ದುರುಸ್ತ್’ ಅಂದ್ರೆ ಸರಿಯಾಗಿರುವುದು, ನೆಟ್ಟಗಿರುವುದು. ಉರ್ದು ಆಡುವ ಮನೆಗಳಲ್ಲಿ ಇದಕ್ಕೆ ಇನ್ನೊಂದು ಪದವಿದೆ: ‘ಮರಮ್ಮತ್’. ಇದರ ಬೇರು ಅರಬಿಯಲ್ಲಿ. ಈ ಪದವೂ ನಮ್ಮ ಮನೆಯೊಳಗೇ ಉಳಿದದ್ದಲ್ಲ. ಕನ್ನಡ ನಿಘಂಟು ತೆರೆದು ನೋಡಿ, ‘ಮರಾಮತ್ತು’ ಅಂತ ಸಿಗುತ್ತದೆ. ಕೇರಳಕ್ಕೆ ಹೋದರೆ ಲೋಕೋಪಯೋಗಿ ಇಲಾಖೆಗೆ ಅಲ್ಲಿಯವರು ಇವತ್ತಿಗೂ ‘ಪೊದುಮರಾಮತ್ತ್’ ಅಂತಲೇ ಹೇಳುತ್ತಾರೆ. ರಸ್ತೆ, ಸೇತುವೆ, ಕಟ್ಟಡ ಎಲ್ಲವನ್ನೂ ಕಟ್ಟುವ ಇಲಾಖೆಗೆ ಹಿಂದಿನವರು ಇಟ್ಟ ಹೆಸರು ‘ಸಾರ್ವಜನಿಕ ದುರಸ್ತಿ’! ಕಟ್ಟುವುದಕ್ಕಿಂತ ಕಟ್ಟಿದ್ದನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ ಅಂತ ಅವರಿಗೆ ಗೊತ್ತಿತ್ತೇನೋ.

ನಮ್ಮ ವೇದಿಕೆಗಳಲ್ಲಿ ಚರಿತ್ರೆ ಅಂದ ಕೂಡಲೇ ಟಿಪ್ಪು ಸುಲ್ತಾನ್, ಗೋಲಗುಮ್ಮಟ, ಬಹಮನಿ ಸುಲ್ತಾನರ ಮಾತು ಬರುತ್ತದೆ. ಬರಲಿ, ಅದು ಬೇಕು. ಆದರೆ ನಮ್ಮ ಊರಿನ ಮೋಟಾರ್ ವೈಂಡಿಂಗ್ ಅಂಗಡಿಯ ಮಿಸ್ತ್ರಿಗೂ ಒಂದು ಚರಿತ್ರೆ ಇದೆ. ಅದನ್ನು ಯಾರೂ ಬರೆದಿಲ್ಲ. ಅದು ಎಲ್ಲಿದೆ ಅಂತ ಕೇಳಿದರೆ ನಾನು ಹೇಳುವುದು ಇಷ್ಟೇ: ಮನೆಯ ಅಟ್ಟದ ಮೇಲೆ ಧೂಳು ಹಿಡಿದು ಕೂತಿರುವ ಹಳೇ ಮೋಟಾರನ್ನು ಕೆಳಗಿಳಿಸಿ, ಬಿಚ್ಚಿ ನೋಡಿ. ಈ ಲೇಖನದಲ್ಲಿ ನಾವಿಬ್ಬರೂ ಸೇರಿ ಅದನ್ನೇ ಮಾಡೋಣ. ಒಂದೊಂದು ಭಾಗ ಹೊರಗೆ ಬಂದಂತೆ ಅದರ ಕಥೆಯನ್ನೂ ಕೇಳೋಣ.

ತಂಪಾನೂರಿನ ಪವರ್ ಹೌಸ್ ರಸ್ತೆ

ಮೊದಲು ಒಂದು ಸಣ್ಣ ಪ್ರಯಾಣ. ಕಾಸರಗೋಡಿನ ಕನ್ನಡಿಗರಿಗೆ ಈ ದಾರಿ ಚೆನ್ನಾಗಿ ಗೊತ್ತು. ಸರ್ಕಾರಿ ಕೆಲಸ ಇದ್ದರೆ ಮಾವೇಲಿಯನ್ನೋ ಮಲಬಾರ್ ಎಕ್ಸ್‌ಪ್ರೆಸ್ಸನ್ನೋ ಹತ್ತಿ ರಾತ್ರಿಯಿಡೀ ಕೂತು ತಿರುವನಂತಪುರದಲ್ಲಿ ಇಳಿಯಬೇಕು. ಇಳಿಯುವ ಜಾಗದ ಹೆಸರು ತಂಪಾನೂರ್. ಎದುರಿಗೇ ಬಸ್ ನಿಲ್ದಾಣ. ರೈಲು ಇಲ್ಲಿಗೆ ಬಂದದ್ದು 1931ರಲ್ಲಿ. ಸ್ಟೇಷನ್ನಿನ ಇನ್ನೊಂದು ಬಾಗಿಲಿನಿಂದ ಹೊರಗೆ ಬಂದರೆ ಸಿಗುವ ರಸ್ತೆಯ ಹೆಸರು ಪವರ್ ಹೌಸ್ ರಸ್ತೆ. ಆಚೆಗೆ ಚಾಲ ಮಾರುಕಟ್ಟೆ.

ರಸ್ತೆಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ತಿರುವಾಂಕೂರು ಸಂಸ್ಥಾನದ ರಾಜಧಾನಿಗೆ ಸರ್ಕಾರಿ ವಿದ್ಯುತ್ ಬಂದದ್ದು 1929ರಲ್ಲಿ. ಆ ವಿದ್ಯುತ್ತು ಜಲಪಾತದಿಂದ ಬಂದದ್ದಲ್ಲ, ಊರೊಳಗೇ ಇಂಧನ ಉರಿಸಿ ತಯಾರಿಸಿದ್ದು. ಮುನ್ನಾರಿನ ಹತ್ತಿರ ಮುದಿರಪುಳ ಹೊಳೆಯ ಪಳ್ಳಿವಾಸಲ್ ಜಲವಿದ್ಯುತ್ ಕೇಂದ್ರ ಶುರುವಾದದ್ದು 1940ರಲ್ಲಿ, ದಿವಾನ್ ಸಿ.ಪಿ. ರಾಮಸ್ವಾಮಿ ಅಯ್ಯರ್ ಕಾಲದಲ್ಲಿ. ಆಮೇಲೆ ಕೊಚ್ಚಿಯ ಪಕ್ಕದ ಆಲುವಾದಲ್ಲಿ ಅಲ್ಯೂಮಿನಿಯಂ, ಗೊಬ್ಬರದ ಕಾರ್ಖಾನೆಗಳು ಬಂದವು. ಕುಟ್ಟನಾಡಿನ ಗದ್ದೆಗಳಲ್ಲಿ ಮೋಟಾರ್ ತಿರುಗತೊಡಗಿತು.

ಕುಟ್ಟನಾಡಿನ ವಿಷಯ ಸ್ವಲ್ಪ ನಿಂತು ಕೇಳಬೇಕು. ಅಲ್ಲಿನ ಭತ್ತದ ಗದ್ದೆಗಳು ಸಮುದ್ರಮಟ್ಟಕ್ಕಿಂತ ಕೆಳಗಿವೆ. ಬಿತ್ತುವ ಮೊದಲು ಗದ್ದೆಯ ನೀರನ್ನೆಲ್ಲ ಎತ್ತಿ ಹೊರಗೆ ಹಾಕಬೇಕು. ಒಂದು ಕಾಲದಲ್ಲಿ ಆಳುಗಳು ಸಾಲಾಗಿ ಕೂತು ದೊಡ್ಡ ಚಕ್ರವನ್ನು ಕಾಲಿನಿಂದ ತುಳಿದು ನೀರು ಎತ್ತುತ್ತಿದ್ದರು. ಆಮೇಲೆ ‘ಪೆಟ್ಟಿ–ಪರ’ ಬಂತು. ಪರ ಅಂದರೆ ನೆಟ್ಟಗೆ ನಿಲ್ಲಿಸಿದ ಪೀಪಾಯಿ, ಅದರೊಳಗೆ ತಿರುಗುವ ಎಲೆಗಳು. ಪೆಟ್ಟಿ ಅಂದರೆ ನೀರು ಹರಿದುಹೋಗುವ ಮರದ ಉದ್ದ ಪೆಟ್ಟಿಗೆ. ಮೊದಲು ಉಗಿಯಂತ್ರ, ಎಣ್ಣೆಯಂತ್ರ ಕಟ್ಟಿ ತಿರುಗಿಸುತ್ತಿದ್ದರು, ವಿದ್ಯುತ್ ಬಂದ ಮೇಲೆ ಮೋಟಾರ್. ಆ ಮೋಟಾರ್ ಒಂದು ವಾರ ಕೆಟ್ಟು ಕೂತರೆ ಇಡೀ ಪಾಡಶೇಖರದ, ಅಂದರೆ ಒಂದೇ ಏರಿಯೊಳಗಿನ ಎಲ್ಲ ರೈತರ ಗದ್ದೆಬಯಲಿನ ಬೆಳೆ ನೀರು ಪಾಲು. ಹಾಗಾದರೆ ಅಲ್ಲಿ ಮೋಟಾರ್ ತಯಾರಿಸಿದವನು ದೊಡ್ಡವನೋ, ರಾತ್ರೋರಾತ್ರಿ ಅದನ್ನು ಸರಿ ಮಾಡಿಕೊಟ್ಟವನು ದೊಡ್ಡವನೋ?

ನಮ್ಮ ಕಡೆಯ ಕಥೆ

ಮೈಸೂರು ಸಂಸ್ಥಾನ ಇದರಲ್ಲಿ ಮುಂದಿತ್ತು. ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿತು. ಆ ಕಾಲಕ್ಕೆ ಅಷ್ಟು ದೂರ ತಂತಿಯಲ್ಲಿ ವಿದ್ಯುತ್ ಕಳಿಸುವುದು ಲೋಕದಲ್ಲೇ ದೊಡ್ಡ ಸಾಹಸ. ಬೆಂಗಳೂರಿನ ಬೀದಿದೀಪ ಉರಿದದ್ದು ಆಮೇಲೆ, 1905ರಲ್ಲಿ. ಅಂದರೆ ನಮ್ಮಲ್ಲಿ ವಿದ್ಯುತ್ತು ದೀಪಕ್ಕೆ ಬಂದು ಆಮೇಲೆ ಯಂತ್ರಕ್ಕೆ ಹೋದದ್ದಲ್ಲ. ಮೊದಲು ಗಣಿಯ ಯಂತ್ರಗಳನ್ನು ಓಡಿಸಿತು, ಆಮೇಲೆ ಬೀದಿ ಬೆಳಗಿತು. ಇದನ್ನು ನಾವು ಪಾಠ ಮಾಡುವಾಗ ಸಾಮಾನ್ಯವಾಗಿ ಹೇಳುವುದೇ ಇಲ್ಲ.

ಸರ್ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು. ಬೃಂದಾವನ ಉದ್ಯಾನ ನೋಡಿದ ಪ್ರತಿ ಮಗುವಿಗೂ ಅವರ ಹೆಸರು ಹೇಳುತ್ತೇವೆ. ಆದರೆ ಹಳ್ಳಿಗಳಿಗೆ ವಿದ್ಯುತ್ ಒಯ್ಯುವ ಕೆಲಸ ಅವರ ಕಾಲದಲ್ಲಿ ಚುರುಕಾಯಿತು, ಪಿಂಗಾಣಿ ಕಾರ್ಖಾನೆ, ಸರ್ಕಾರಿ ಎಲೆಕ್ಟ್ರಿಕ್ ಫ್ಯಾಕ್ಟರಿ, ಮೈಸೂರು ಲ್ಯಾಂಪ್ಸ್ ಇವೆಲ್ಲ ಅದೇ ಕಾಲದವು ಅನ್ನೋದನ್ನೂ ಹೇಳಬೇಕು. ಯಾಕೆ ಪಿಂಗಾಣಿ? ವಿದ್ಯುತ್ ಕಂಬದ ಮೇಲೆ ತಂತಿಯನ್ನು ಹಿಡಿಯುವ ಬಿಳಿ ಬಟ್ಟಲುಗಳು ಪಿಂಗಾಣಿಯವು. ದೀಪ, ಕಂಬ, ಟ್ರಾನ್ಸ್‌ಫಾರ್ಮರ್ ಎಲ್ಲವನ್ನೂ ಹೊರಗಿನಿಂದ ತರಿಸಿದರೆ ಕೆಟ್ಟಾಗ ಹೊರಗಿನವರ ಮುಖವನ್ನೇ ನೋಡಬೇಕು. ಅವು ಊರಲ್ಲೇ ತಯಾರಾದರೆ ಊರಲ್ಲೇ ದುರಸ್ತಿಯೂ ಆಗುತ್ತದೆ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ಶುರುವಾಯಿತು. ಅದಕ್ಕೂ ಮೊದಲೇ, 1937ರಲ್ಲಿ, ಕೊಯಮತ್ತೂರಿನಲ್ಲಿ ಜಿ.ಡಿ. ನಾಯ್ಡು ಮತ್ತು ಬಾಲಸುಂದರಂ ನಾಯ್ಡು ತಯಾರಿಸಿದ ಮೋಟಾರನ್ನು ನಮ್ಮ ದೇಶದ್ದೇ ಮೊದಲ ಮೋಟಾರ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಕೊಯಮತ್ತೂರು ಪಾಲಕ್ಕಾಡಿನ ಪಕ್ಕದಲ್ಲೇ ಇದೆ. ಕೇರಳದ ಬಾವಿಕಟ್ಟೆಗಳ ಮೇಲೆ ಕೂತ ಪಂಪ್‌ಸೆಟ್ಟುಗಳಿಗೂ ನಮ್ಮ ತೋಟದ ಪಂಪ್‌ಸೆಟ್ಟುಗಳಿಗೂ ಆ ಊರಿನ ನಂಟಿದೆ.

ಬಿಚ್ಚುವ ಮೊದಲು ಓದಿ

ಈಗ ಮೋಟಾರ್ ಮುಂದೆ ಕೂರೋಣ. ಕೇರಳದಲ್ಲೂ ಕರಾವಳಿಯಲ್ಲೂ ಬಹಳ ಮನೆಗಳಲ್ಲಿ ‘ಮೋಟಾರ್’ ಅಂದರೆ ಬಾವಿಯ ನೀರೆತ್ತುವ ಅರ್ಧ ಅಥವಾ ಒಂದು ಎಚ್.ಪಿ.ಯ ಸಿಂಗಲ್ ಫೇಸ್ ಮೋಟಾರ್. ಅಂಥದ್ದೇ ಒಂದು ಸಿಕ್ಕಿದೆ ಅಂದುಕೊಳ್ಳಿ.

ಮೊದಲ ಕೆಲಸ, ವಿದ್ಯುತ್ ಸಂಪರ್ಕ ಪೂರ್ತಿ ತೆಗೆಯುವುದು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಮೇಲಿರುವ ಡಬ್ಬಿಯಂಥ ಕೆಪಾಸಿಟರನ್ನು ಮರೆಯಬೇಡಿ. ನಮ್ಮ ಮಿಸ್ತ್ರಿಗಳು ಇದಕ್ಕೆ ಕಂಡೆನ್ಸರ್ ಅಂತಲೂ ಹೇಳುತ್ತಾರೆ. ಕರೆಂಟ್ ತೆಗೆದ ಮೇಲೂ ಅದರಲ್ಲಿ ವಿದ್ಯುತ್ತು ತುಂಬಿಕೊಂಡಿರಬಹುದು. ಹೋಲ್ಡರಿಗೆ ಹಾಕಿದ ಒಂದು ಬಲ್ಬಿನ ಎರಡು ವಯರುಗಳನ್ನು ಅದರ ಎರಡು ಕಡ್ಡಿಗಳಿಗೆ ಮುಟ್ಟಿಸಿ ಖಾಲಿ ಮಾಡಿಕೊಂಡೇ ಕೈ ಹಾಕಬೇಕು. ವಿದ್ಯಾರ್ಥಿಗಳೇ, ಮನೆಯಲ್ಲಿ ಗೊತ್ತಿರುವ ದೊಡ್ಡವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಈ ಕೆಲಸ ಮಾಡಿ.

ಆಮೇಲೆ ಮೈಮೇಲಿನ ತಗಡಿನ ಫಲಕ ಒರೆಸಿ ಓದಿ. ವೋಲ್ಟ್, ಆಂಪಿಯರ್, ಸೈಕಲ್ 50, ಆರ್.ಪಿ.ಎಂ. 1440 ಅಂತೆಲ್ಲ ಇರುತ್ತದೆ. ಈ 1440 ಎಲ್ಲಿಂದ ಬಂತು? ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ದಿಕ್ಕು ಬದಲಿಸಿ ಮೊದಲಿನಂತಾಗುತ್ತದೆ. ಮೋಟಾರಿನಲ್ಲಿ ನಾಲ್ಕು ಧ್ರುವಗಳಿದ್ದರೆ ಅದರೊಳಗಿನ ಅಯಸ್ಕಾಂತ ಕ್ಷೇತ್ರ ನಿಮಿಷಕ್ಕೆ 1500 ಸುತ್ತು ಹಾಕುತ್ತದೆ. ರೋಟರ್ ಅದರ ಬೆನ್ನು ಹತ್ತಿ ಓಡುತ್ತದೆ, ಆದರೆ ಹಿಡಿಯಲಾರದು. ಹಿಡಿದುಬಿಟ್ಟರೆ ಎಳೆಯುವ ಬಲವೇ ಇಲ್ಲವಾಗುತ್ತದೆ! ಹೀಗಾಗಿ ಸುಮಾರು 60 ಸುತ್ತು ಹಿಂದೆ ಬಿದ್ದು 1440ರಲ್ಲಿ ಓಡುತ್ತದೆ. ಎರಡು ಧ್ರುವದ ಪಂಪ್ ಮೋಟಾರ್ ಆದರೆ 3000ಕ್ಕೆ ಸ್ವಲ್ಪ ಕಡಿಮೆ.

ಫಲಕ ಓದಿದ ಮೇಲೆ ಮೈಯ ಮೇಲೂ ಎರಡು ಬದಿಯ ಮುಚ್ಚಳಗಳ ಮೇಲೂ ಉಳಿಯಿಂದ ಗುರುತು ಹಾಕಿ. ಒಂದು ಕಡೆ ಒಂದು ಚುಕ್ಕೆ, ಇನ್ನೊಂದು ಕಡೆ ಎರಡು. ವಯರುಗಳ ಜಾಗವನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಹಿಂದಿನ ಉಸ್ತಾದರು ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಳ್ಳುತ್ತಿದ್ದರು. ಕೆಲಸ ಒಂದೇ: ಬಿಚ್ಚಿದ್ದನ್ನು ಬಿಚ್ಚಿದ ಹಾಗೇ ಸೇರಿಸಲು ನೆನಪಿಗೊಂದು ಆಸರೆ.

ತಂತಿಯೇ ಇಲ್ಲದ ರೋಟರ್

ಬೋಲ್ಟು ಬಿಚ್ಚಿ, ಮರದ ಸುತ್ತಿಗೆಯಿಂದ ಮುಚ್ಚಳವನ್ನು ಸುತ್ತಲೂ ಮೆಲ್ಲಗೆ ತಟ್ಟುತ್ತ ಬಂದರೆ ಅದು ಸಡಿಲಾಗುತ್ತದೆ. ಒಳಗಿನ ರೋಟರನ್ನು ನೇರವಾಗಿ ಎಳೆಯಿರಿ, ತಾಮ್ರದ ಸುತ್ತುಗಳಿಗೆ ತಾಗಬಾರದು. ಕೈಗೆ ಬಂದದ್ದನ್ನು ನೋಡಿ: ಒಂದು ಕಬ್ಬಿಣದ ಉರುಳೆ. ಅದಕ್ಕೆ ಒಂದು ವಯರೂ ಇಲ್ಲ! ಮಕ್ಕಳಿಗೆ ತೋರಿಸಿದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: “ಹಾಗಾದ್ರೆ ಇದು ತಿರುಗೋದು ಹೇಗೆ?”

ಈ ಪ್ರಶ್ನೆಗೆ ಉತ್ತರ ಸಿಗಲು ಸುಮಾರು 65 ವರ್ಷ ಹಿಡಿಯಿತು. 1824ರಲ್ಲಿ ಫ್ರಾನ್ಸಿನ ಅರಾಗೋ ಒಂದು ವಿಚಿತ್ರ ಕಂಡ. ತಾಮ್ರದ ತಟ್ಟೆಯನ್ನು ತಿರುಗಿಸಿದರೆ ಮೇಲಿರುವ ಅಯಸ್ಕಾಂತದ ಸೂಜಿಯೂ ಜೊತೆಗೆ ತಿರುಗುತ್ತದೆ. ಮುಟ್ಟುವುದೂ ಇಲ್ಲ, ತಾಮ್ರ ಅಯಸ್ಕಾಂತಕ್ಕೆ ಅಂಟುವ ಲೋಹವೂ ಅಲ್ಲ. ಕಾರಣ ತಿಳಿದದ್ದು 1831ರಲ್ಲಿ, ಫ್ಯಾರಡೆ ಕೈಯಲ್ಲಿ: ಅಯಸ್ಕಾಂತ ಸರಿದಾಡಿದರೆ ಪಕ್ಕದ ಲೋಹದಲ್ಲಿ ತಾನಾಗಿ ವಿದ್ಯುತ್ತು ಹುಟ್ಟುತ್ತದೆ. 1880ರ ದಶಕದಲ್ಲಿ ಇಟಲಿಯ ಫೆರಾರಿಸ್, ಅಮೆರಿಕದಲ್ಲಿದ್ದ ಟೆಸ್ಲಾ ಇಬ್ಬರೂ ಬೇರೆಬೇರೆಯಾಗಿ ಒಂದೇ ಯೋಚನೆಗೆ ಬಂದರು. ಅಯಸ್ಕಾಂತವನ್ನು ಕೈಯಿಂದ ತಿರುಗಿಸುವ ಬದಲು, ನಿಂತಲ್ಲೇ ಇರುವ ಸುರುಳಿಗಳಿಗೆ ಹಿಂದುಮುಂದಾಗಿ ವಿದ್ಯುತ್ ಕೊಟ್ಟು ಕ್ಷೇತ್ರವನ್ನೇ ತಿರುಗಿಸಿದರೆ? ಟೆಸ್ಲಾ 1888ರಲ್ಲಿ ಪೇಟೆಂಟ್ ಪಡೆದ. ಮರುವರ್ಷ ಜರ್ಮನಿಯ ಎ.ಇ.ಜಿ. ಕಂಪನಿಯಲ್ಲಿದ್ದ ದೊಲಿವೊ-ದೊಬ್ರೊವೊಲ್ಸ್ಕಿ ತ್ರೀಫೇಸ್ ಮೋಟಾರಿಗೆ ಗಟ್ಟಿಯಾದ ರೋಟರ್ ಮಾಡಿದ. ಕಬ್ಬಿಣದೊಳಗೆ ಲೋಹದ ಸರಳುಗಳು, ಎರಡು ತುದಿಗೂ ಬಳೆಗಳು. ಅಳಿಲಿನ ಪಂಜರದಂತೆ ಕಾಣುತ್ತದೆಂದು ಅದಕ್ಕೆ ಅದೇ ಹೆಸರು ಬಂತು. ನಿಮ್ಮ ಕೈಯಲ್ಲಿರುವ ಉರುಳೆ ಅದರ ವಂಶದ್ದೇ.

ಆ ಎ.ಇ.ಜಿ. ಕಂಪನಿಯ ತಾಂತ್ರಿಕ ನೆರವಿನಿಂದಲೇ 1950ರ ದಶಕದಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ ಎನ್.ಜಿ.ಇ.ಎಫ್. ಕಾರ್ಖಾನೆ ಬೆಳೆಯಿತು. ಮೋಟಾರು, ಟ್ರಾನ್ಸ್‌ಫಾರ್ಮರುಗಳು ಅಲ್ಲಿ ತಯಾರಾಗುತ್ತಿದ್ದವು. ಈ ಶತಮಾನದ ಆರಂಭದಲ್ಲಿ ಅದು ಬಾಗಿಲು ಹಾಕಿತು. ಆದರೆ ಕಾರ್ಖಾನೆ ಮುಚ್ಚಿದರೂ ಅದರ ಮೋಟಾರುಗಳು ಸಾಯಲಿಲ್ಲ. ಹಿಟ್ಟಿನ ಗಿರಣಿ, ಮರದ ಮಿಲ್ಲುಗಳಲ್ಲಿ ಇವತ್ತೂ ಆ ಹೆಸರಿನ ಮೋಟಾರ್ ತಿರುಗುವುದನ್ನು ಕಾಣಬಹುದು. ತಯಾರಿಸಿದ ಕೈ ನಿಂತುಹೋದ ಮೇಲೂ ಅವನ್ನು ಜೀವಂತ ಇಟ್ಟದ್ದು ದುರಸ್ತಿಯ ಕೈ.

ಅರಗು, ಅಭ್ರಕ, ಬಿದಿರು

ರೋಟರ್ ಹೊರಗೆ ಬಂದ ಮೇಲೆ ಉಳಿದದ್ದು ಸ್ಟೇಟರ್. ಕಬ್ಬಿಣದ ಬಳೆ, ಅದರ ಒಳಮೈಯಲ್ಲಿ ಗಾಡಿಗಳಂತೆ ಸೀಳುಗಳು, ಸೀಳುಗಳಲ್ಲಿ ತಾಮ್ರದ ತಂತಿ. ಮೂಗು ಹತ್ತಿರ ಒಯ್ದು ನೋಡಿ. ಸುಟ್ಟ ವಾಸನೆ, ಕಪ್ಪಾದ ತಂತಿ ಇದ್ದರೆ ಮತ್ತೆ ಸುತ್ತಿಸಬೇಕು. ಬರೀ ಧೂಳು, ಜೇಡರ ಬಲೆ, ಎಣ್ಣೆಜಿಡ್ಡು ಇದ್ದರೆ ಮೆತ್ತನೆಯ ಬ್ರಷ್ಷಿನಿಂದ ತೆಗೆದು ಗಾಳಿ ಊದಿಸಿದರೆ ಸಾಕು. ಪೆಟ್ರೋಲ್ ಹಾಕಿ ತೊಳೆಯುವ ಅಭ್ಯಾಸ ಕೆಲವರಿಗಿದೆ. ಬೇಡ. ಬೆಂಕಿಯ ಭಯ ಒಂದು ಕಡೆ, ತಂತಿಯ ಮೇಲಿನ ಲೇಪ ಹಾಳಾಗುವುದು ಇನ್ನೊಂದು ಕಡೆ.

ಆ ಲೇಪದ್ದೇ ಒಂದು ದೊಡ್ಡ ಕಥೆ. ತಾಮ್ರದ ತಂತಿ ಒಂದಕ್ಕೊಂದು ನೇರವಾಗಿ ತಾಗಿದರೆ ಮೋಟಾರ್ ಇಲ್ಲ. ನಡುವೆ ವಿದ್ಯುತ್ತು ಹರಿಯದ ಏನಾದರೂ ಬೇಕು. ಈಗ ಎನಾಮೆಲ್ ಬಂದಿದೆ. ಹಿಂದೆ ತಂತಿಗೆ ಹತ್ತಿಯ ದಾರ ಸುತ್ತಿ ಅರಗಿನ ವಾರ್ನಿಷ್ ಕುಡಿಸುತ್ತಿದ್ದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲೋಕಕ್ಕೆಲ್ಲ ಅರಗು ಹೋಗುತ್ತಿದ್ದದ್ದು ಮುಖ್ಯವಾಗಿ ಭಾರತದಿಂದ. ಛೋಟಾ ನಾಗಪುರದ ಕಾಡುಗಳಲ್ಲಿ ಆದಿವಾಸಿಗಳು ಮರದ ಕೊಂಬೆಯಿಂದ ಕೆರೆದು ತೆಗೆದ ಅಂಟು ಅದು. ಕಮ್ಯುಟೇಟರಿನ ತಾಮ್ರದ ಪಟ್ಟಿಗಳ ನಡುವೆ ಇಡುತ್ತಿದ್ದ ಅಭ್ರಕವೂ ಹೆಚ್ಚಾಗಿ ನಮ್ಮ ದೇಶದ್ದೇ. ಈಗ ಯೋಚನೆ ಮಾಡಿ: ನಮ್ಮ ದೇಶ ಒಂದೇ ಒಂದು ಮೋಟಾರ್ ತಯಾರಿಸುವ ಮೊದಲೇ ಲಂಡನ್, ಬರ್ಲಿನ್ ಮೋಟಾರುಗಳ ಒಳಗೆ ನಮ್ಮ ಕಾಡಿನ, ನಮ್ಮ ಗಣಿಯ ಕೂಲಿಯವರ ದುಡಿಮೆ ಇತ್ತು. ಫಲಕದ ಮೇಲೆ ಅವರ ಹೆಸರು ಮಾತ್ರ ಬರಲಿಲ್ಲ.

ನಮ್ಮ ವೈಂಡಿಂಗ್ ಅಂಗಡಿಗಳಲ್ಲಿ ಇನ್ನೊಂದು ವಸ್ತು ಕಾಣುತ್ತದೆ, ಬಿದಿರಿನ ಕಡ್ಡಿ. ಸೀಳಿನಲ್ಲಿ ಕಾಗದ ಹಾಸಿ, ತಂತಿ ತುಂಬಿ, ಅದು ಹೊರಗೆ ಜಾರದಂತೆ ಬಾಯಿಗೆ ಬಿದಿರಿನ ಸಣ್ಣ ಪಟ್ಟಿ ಸಿಗಿಸುತ್ತಾರೆ. ಮೇದರ ಕೇರಿಯ ಬಿದಿರು, ಕಾರ್ಖಾನೆಯ ತಾಮ್ರ, ಮಿಸ್ತ್ರಿಯ ಬೆರಳು ಮೂರೂ ಸೇರಿದಲ್ಲಿ ಮೋಟಾರ್ ಮತ್ತೆ ಉಸಿರಾಡುತ್ತದೆ.

ಬೇರಿಂಗ್ ಮತ್ತು ಮೆಗ್ಗರ್

ಮನೆಯಲ್ಲಿ ಧೈರ್ಯವಾಗಿ ಮಾಡಬಹುದಾದ ದೊಡ್ಡ ಕೆಲಸ ಬೇರಿಂಗ್ ಬದಲಿಸುವುದು. ಬೆರಳಿನಿಂದ ತಿರುಗಿಸಿದಾಗ ಗರಗರ ಅಂದರೆ, ಶಾಫ್ಟ್ ಅಲ್ಲಾಡಿದರೆ ಬೇರಿಂಗ್ ಮುಗಿದಿದೆ ಅಂತ ಅರ್ಥ. ಅದರ ಮೇಲೆ 6202, 6203, 6204 ಎಂಬಂಥ ನಂಬರ್ ಇರುತ್ತದೆ. ಕೊನೆಯ ಎರಡು ಅಂಕಿ ಒಳರಂಧ್ರದ ಅಳತೆ. 04 ಇದ್ದರೆ ಐದರಿಂದ ಗುಣಿಸಿ, 20 ಮಿ.ಮೀ. 05 ಇದ್ದರೆ 25. ಅದಕ್ಕಿಂತ ಚಿಕ್ಕವಕ್ಕೆ ಈ ಲೆಕ್ಕ ನಡೆಯಲ್ಲ, 03 ಅಂದರೆ 17, 02 ಅಂದರೆ 15 ಮಿ.ಮೀ. ಈ ನಂಬರ್ ಹೇಳಿದರೆ ತಂಪಾನೂರಿನಲ್ಲೂ ಶಿವಮೊಗ್ಗದಲ್ಲೂ ಜಪಾನಿನಲ್ಲೂ ಅದೇ ಅಳತೆಯದ್ದು ಸಿಗುತ್ತದೆ. ಲೋಕವೆಲ್ಲ ಒಪ್ಪಿಕೊಂಡ ಒಂದು ಭಾಷೆ ಇದು. ಹಳೆಯದನ್ನು ಪುಲ್ಲರಿನಿಂದ ಎಳೆಯಿರಿ. ಹೊಸದನ್ನು ಕೂರಿಸುವಾಗ ಒಳಬಳೆಯ ಮೇಲೆ ಮಾತ್ರ ಒತ್ತಡ ಬೀಳಬೇಕು, ಹೊರಬಳೆಗೆ ಹೊಡೆದರೆ ಗೋಲಿಗಳ ದಾರಿಯಲ್ಲಿ ಗುಳಿ ಬಿದ್ದು ಹೊಸ ಬೇರಿಂಗೂ ಹಾಳು.

ಜೋಡಿಸಿದ ತಕ್ಷಣ ಪ್ಲಗ್ ಹಾಕಬೇಡಿ. ತಾಮ್ರದ ಸುತ್ತಿಗೂ ಕಬ್ಬಿಣದ ಮೈಗೂ ನಡುವೆ ವಿದ್ಯುತ್ತು ಸೋರುತ್ತಿದೆಯೇ ಅಂತ 500 ವೋಲ್ಟಿನ ಮೆಗ್ಗರ್ ಹಾಕಿ ನೋಡಿಸಿ. ಕನಿಷ್ಠ 1 ಮೆಗಾ ಓಮ್ ತೋರಿಸಬೇಕು, ಒಳ್ಳೇ ಮೋಟಾರ್ ಅದಕ್ಕಿಂತ ಎಷ್ಟೋ ಹೆಚ್ಚು ತೋರಿಸುತ್ತದೆ. ಸಾಮಾನ್ಯ ಮಲ್ಟಿಮೀಟರ್ ಈ ಕೆಲಸಕ್ಕೆ ಸಾಲದು. ಮೆಗ್ಗರ್ ನಿಮ್ಮಲ್ಲಿಲ್ಲದಿದ್ದರೆ ವೈಂಡಿಂಗ್ ಅಂಗಡಿಗೆ ಒಯ್ಯಿರಿ, ಎರಡು ನಿಮಿಷದ ಕೆಲಸ. ಅರ್ತಿಂಗ್ ವಯರ್ ಕಟ್ಟದೆ ಬಾವಿಕಟ್ಟೆಯ ಮೇಲೆ ಮೋಟಾರ್ ಓಡಿಸಬಾರದು. ಒದ್ದೆ ಕಾಲು, ಒದ್ದೆ ಕೈ, ಸೋರುವ ಮೋಟಾರ್ ಮೂರೂ ಸೇರಿದರೆ ಜೀವಕ್ಕೇ ಅಪಾಯ.

2018ರ ಆಗಸ್ಟ್

ಈ ವಿದ್ಯೆಯ ಬೆಲೆ ಕೇರಳಕ್ಕೆ ಒಂದೇ ತಿಂಗಳಲ್ಲಿ ತಿಳಿಯಿತು. 2018ರ ಆಗಸ್ಟಿನ ನೆರೆಯಲ್ಲಿ 400ಕ್ಕೂ ಹೆಚ್ಚು ಜನ ತೀರಿಹೋದರು. ಪೆರಿಯಾರ್ ಉಕ್ಕಿ ಆಲುವಾ ಮುಳುಗಿತು, ಕೊಚ್ಚಿಯ ವಿಮಾನ ನಿಲ್ದಾಣ ಎರಡು ವಾರ ಮುಚ್ಚಿತ್ತು. ಅದೇ ದಿನಗಳಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡಗಳು ಕುಸಿದವು.

ನೀರು ಇಳಿದ ಮೇಲೆ ಜನ ಮನೆಗೆ ಬಂದರು. ಮನೆ ತುಂಬ ಕೆಸರು, ಬಾವಿ ತುಂಬ ಕೆಸರು. ಬಾವಿಯ ಕೊಳೆನೀರು ಹೊರಹಾಕದೆ ಕುಡಿಯುವ ನೀರಿಲ್ಲ. ಹೊರಹಾಕಲು ಮೋಟಾರ್ ಬೇಕು, ಆ ಮೋಟಾರೂ ಕೆಸರಿನಲ್ಲಿ ಹೂತಿದೆ! ಎಲ್ಲರೂ ಒಟ್ಟಿಗೇ ಹೊಸದು ಕೊಳ್ಳುವುದು ಆಗುವ ಮಾತಲ್ಲ. ಆಗ ಬಂದವರು ಎಲೆಕ್ಟ್ರಿಷಿಯನ್ನರು, ಪ್ಲಂಬರುಗಳು, ಐ.ಟಿ.ಐ. ವಿದ್ಯಾರ್ಥಿಗಳು. ತಂಡ ಕಟ್ಟಿಕೊಂಡು ಮನೆಮನೆಗೆ ಹೋಗಿ ವಯರಿಂಗ್ ನೋಡಿದರು, ಯಂತ್ರಗಳನ್ನು ಸರಿಮಾಡಿಕೊಟ್ಟರು.

ನೆರೆಯಲ್ಲಿ ಮುಳುಗಿದ ಮೋಟಾರಿಗೆ ಮಾತ್ರ ಬೇರೆ ನಿಯಮ. ಧೂಳು ಹಿಡಿದದ್ದಕ್ಕೆ ಬ್ರಷ್ಷು, ಗಾಳಿ ಸಾಕು ಅಂದೆನಲ್ಲ, ಕೆಸರು ಹೊಕ್ಕಿದ್ದನ್ನು ಮೊದಲು ಸಿಹಿನೀರಿನಲ್ಲೇ ಚೆನ್ನಾಗಿ ತೊಳೆಯಬೇಕು. ಕೆಸರು, ಉಪ್ಪು ಒಳಗೇ ಒಣಗಿದರೆ ವಿದ್ಯುತ್ತು ಅದರ ಮೂಲಕವೇ ಸೋರುತ್ತದೆ. ತೊಳೆದು ಬಿಸಿಲಿಗಿಟ್ಟು, ಆಮೇಲೆ ಸ್ಟೇಟರಿನ ನಡುವೆ 100 ವ್ಯಾಟಿನ ಹಳೇ ಗಾಜಿನ ಬಲ್ಬ್ ಉರಿಸಿ ಗಂಟೆಗಟ್ಟಲೆ ಒಣಗಿಸಬೇಕು. ಬೇರಿಂಗೂ ಕೆಪಾಸಿಟರೂ ಹೊಸದೇ ಹಾಕಬೇಕು. ಮೆಗ್ಗರ್ ಒಪ್ಪಿದ ಮೇಲೆ ಮಾತ್ರ ಕರೆಂಟ್. ಇದೆಲ್ಲ ಗೊತ್ತಿದ್ದವರು ಊರಿಗೆ ನಾಲ್ಕು ಜನ ಇದ್ದರೆ ಆ ಊರು ಬೇಗ ಎದ್ದು ನಿಲ್ಲುತ್ತದೆ.

ಉಸ್ತಾದನ ನೋಟ್‌ಬುಕ್

ಈಗ ಮುಖ್ಯ ವಿಷಯ. ಸುಟ್ಟ ಮೋಟಾರ್ ಅಂಗಡಿಗೆ ಬಂದಾಗ ಉಸ್ತಾದ್ ಹಳೇ ತಂತಿಯನ್ನು ಕಿತ್ತು ಬಿಸಾಡುವುದಿಲ್ಲ. ಸೀಳು ಎಷ್ಟು, ಒಂದು ಕಾಯಿಲಿಗೆ ಸುತ್ತು ಎಷ್ಟು, ಎಷ್ಟನೇ ಸೀಳಿನಿಂದ ಎಷ್ಟನೆಯದಕ್ಕೆ ಹಾರುತ್ತದೆ, ತಂತಿಯ ಗೇಜ್ ಎಷ್ಟು, ಶುರುವಿಗೆ ತಳ್ಳುವ ಸುರುಳಿ ಯಾವುದು, ಆಮೇಲೆ ಓಡಿಸುವ ಸುರುಳಿ ಯಾವುದು ಅಂತ ಒಂದೊಂದೇ ಎಣಿಸಿ ಬರೆದುಕೊಳ್ಳುತ್ತಾನೆ. ಎಣ್ಣೆಕೈ ತಾಗಿ ಕಪ್ಪಾದ ಆ ನೋಟ್‌ಬುಕ್ಕುಗಳಲ್ಲಿ ಕೆಲವು ಕಡೆ ಉರ್ದು ಅಂಕಿ, ಕೆಲವು ಕಡೆ ಕನ್ನಡ, ನಡುವೆ ಇಂಗ್ಲಿಷ್. ಎಷ್ಟೋ ಹಳೇ ಮೋಟಾರುಗಳ ಲೆಕ್ಕ ಈಗ ಸಿಗುವುದು ಆ ಪುಟಗಳಲ್ಲಿ ಮಾತ್ರ.

ಇದು ನಮಗೆ ಹೊಸ ಸಂಪ್ರದಾಯವೂ ಅಲ್ಲ. ಎಂಟು ಶತಮಾನಗಳ ಹಿಂದೆ ಈಗಿನ ತುರ್ಕಿಯ ದಿಯಾರ್‌ಬಕಿರಿನಲ್ಲಿ ಅರ್ತುಕಿದ್ ದೊರೆಗಳ ಆಸರೆಯಲ್ಲಿದ್ದ ಅಲ್-ಜಝರಿ ಎಂಬ ಕುಶಲಕರ್ಮಿ 1206ರಲ್ಲಿ ಯಂತ್ರಗಳ ಬಗ್ಗೆ ಅರಬಿಯಲ್ಲೊಂದು ಗ್ರಂಥ ಮುಗಿಸಿದ. ನೀರಿನ ಗಡಿಯಾರ, ಕಾರಂಜಿ, ನೀರೆತ್ತುವ ಯಂತ್ರ ಸೇರಿ ಸುಮಾರು 50 ಸಾಧನಗಳು ಅದರಲ್ಲಿವೆ. ಅವನ ಹೆಸರನ್ನು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ 1974ರಲ್ಲಿ ಆ ಗ್ರಂಥವನ್ನು ಇಂಗ್ಲಿಷಿಗೆ ತಂದ ಡೊನಾಲ್ಡ್ ಹಿಲ್ ಮೆಚ್ಚಿದ್ದು ಯಂತ್ರಗಳ ಬೆಡಗನ್ನಷ್ಟೇ ಅಲ್ಲ. ಯಾವ ಲೋಹ, ಎಷ್ಟು ಅಳತೆ, ಯಾವ ಕ್ರಮದಲ್ಲಿ ಜೋಡಿಸಬೇಕು ಅಂತ ಇನ್ನೊಬ್ಬ ಕುಶಲಕರ್ಮಿ ಓದಿ ಮಾಡುವಷ್ಟು ಬಿಡಿಸಿ ಬರೆದಿದ್ದಾನೆ ಅನ್ನುವುದನ್ನು. ಅಲ್-ಜಝರಿಯಂಥ ಕೈ ಅವನ ಕಾಲದಲ್ಲಿ ಇನ್ನೂ ಎಷ್ಟೋ ಇದ್ದಿರಬೇಕು. ಅವನು ಬರೆದಿಟ್ಟ, ಆದ್ದರಿಂದ ನಮಗೆ ಅವನು ಗೊತ್ತು.

ನಮ್ಮ ದೀನಿನಲ್ಲಿ ಕೈಕೆಲಸಕ್ಕೆ ಕೀಳು ಸ್ಥಾನ ಇಲ್ಲ. ಹಜ್ರತ್ ದಾವೂದ್ ಅಲೈಹಿಸ್ಸಲಾಮ್ ಪ್ರವಾದಿಯೂ ಹೌದು, ರಾಜರೂ ಹೌದು. ಆದರೂ ಕಬ್ಬಿಣದ ಕವಚ ಮಾಡುವ ವಿದ್ಯೆ ಅವರದಾಗಿತ್ತು, ಸ್ವಂತ ಕೈಯ ದುಡಿಮೆಯಿಂದಲೇ ಅವರು ಉಣ್ಣುತ್ತಿದ್ದರು ಎಂದು ಮದರಸಾದ ಮಕ್ಕಳಿಗೂ ಗೊತ್ತು. ಹೀಗಿದ್ದರೂ ಮಗ ವೈಂಡಿಂಗ್ ಅಂಗಡಿಗೆ ಹೋಗುತ್ತಾನೆ ಅಂತ ಹೇಳಲು ಮನೆಯವರು ಸಂಕೋಚ ಪಡುತ್ತಾರೆ. “ಓದು ತಲೆಗೆ ಹತ್ತಲಿಲ್ಲ, ಅದಕ್ಕೇ ಮಿಸ್ತ್ರಿ ಆದ” ಅನ್ನುವ ಮಾತು ನಮ್ಮ ಮೊಹಲ್ಲಾಗಳಲ್ಲಿ ಎಷ್ಟು ಸಲ ಕೇಳಿಲ್ಲ! ಸೀಳು ಎಣಿಸಿ, ಸುತ್ತು ಲೆಕ್ಕ ಹಾಕಿ, ಧ್ರುವ ಗುರುತಿಸಿ ಮೋಟಾರ್ ಓಡಿಸುವವನ ತಲೆಗೆ ಓದು ಹತ್ತಿಲ್ಲ ಅನ್ನುವುದು ಯಾವ ನ್ಯಾಯ? ಅವನಿಗೆ ಹತ್ತಿರುವ ಓದಿಗೆ ನಾವು ಸರ್ಟಿಫಿಕೇಟ್ ಕೊಟ್ಟಿಲ್ಲ, ಅಷ್ಟೇ.

ಈಗ ಮಾಡಬೇಕಾದದ್ದು

ಕಾಲ ಬದಲಾಗುತ್ತಿದೆ. ಹೊಸ ಫ್ಯಾನು, ಮಿಕ್ಸಿಗಳಲ್ಲಿ ಕೆಲವನ್ನು ಬಿಚ್ಚುವಂತೆಯೇ ಮಾಡಿರುವುದಿಲ್ಲ. ಒಳಗೆ ಎಲೆಕ್ಟ್ರಾನಿಕ್ ಸರ್ಕ್ಯೂಟು, ಕೆಟ್ಟರೆ ಇಡೀ ಭಾಗವನ್ನೇ ಬದಲಿಸಬೇಕು. ಅವು ಕರೆಂಟ್ ಉಳಿಸುತ್ತವೆ ನಿಜ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ದುರಸ್ತಿಯ ಹಕ್ಕು ಯಾರ ಕೈಯಲ್ಲಿರಬೇಕು ಅನ್ನುವ ಪ್ರಶ್ನೆ ಉಳಿಯುತ್ತದೆ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕಿ’ನ ಬಗ್ಗೆ ಸಮಿತಿ ಮಾಡಿ, ಅದೇ ವರ್ಷದ ಕೊನೆಗೆ ಒಂದು ಪೋರ್ಟಲ್ ಕೂಡ ತೆರೆಯಿತು. ಮೊಬೈಲ್, ವಾಹನ, ಕೃಷಿ ಯಂತ್ರ, ಮನೆಬಳಕೆಯ ಯಂತ್ರ ನಾಲ್ಕೂ ಅದರಲ್ಲಿವೆ. ಬಡವರ ಮನೆಗೆ ಇದು ಸಣ್ಣ ವಿಷಯವಲ್ಲ. ಒಂದು ಬೇರಿಂಗಿನ ಬೆಲೆಗೂ ಒಂದು ಹೊಸ ಪಂಪಿನ ಬೆಲೆಗೂ ಇರುವ ಅಂತರ ಒಂದು ಮಗುವಿನ ಸ್ಕೂಲ್ ಫೀಸ್ ಆಗಿರಬಹುದು.

ವಿದ್ಯಾರ್ಥಿಗಳಿಗೆ ನನ್ನದೊಂದು ಕೆಲಸವಿದೆ. ಈ ರಜೆಯಲ್ಲಿ ನಿಮ್ಮ ಊರಿನ ಅತಿ ಹಳೆಯ ವೈಂಡಿಂಗ್ ಅಂಗಡಿಗೆ ಹೋಗಿ. ಅಲ್ಲಿಯ ಹಿರಿಯರಿಗೆ ಸಲಾಮ್ ಹೇಳಿ, ಚಹಾ ಕುಡಿಸಿ, ಕೇಳಿ: ಈ ಕೆಲಸ ಯಾರಿಂದ ಕಲಿತಿರಿ? ಆ ಉಸ್ತಾದ್ ಯಾವ ಊರಿನವರು? ಮೊದಲ ಮೋಟಾರ್ ಯಾವುದು? ಆಗ ತಂತಿ ಎಲ್ಲಿಂದ ಬರುತ್ತಿತ್ತು, ವಾರ್ನಿಷ್ ಹೇಗೆ ಒಣಗಿಸುತ್ತಿದ್ದಿರಿ? ಒಪ್ಪಿದರೆ ಅವರ ನೋಟ್‌ಬುಕ್ಕಿನ ಪುಟಗಳ ಫೋಟೋ ತೆಗೆಯಿರಿ. ಅವರು ಉಪಯೋಗಿಸುವ ಪದಗಳನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳಿ. ಉರ್ದುವಾದರೆ ಉರ್ದು, ಬ್ಯಾರಿಯಾದರೆ ಬ್ಯಾರಿ, ಕನ್ನಡವಾದರೆ ಕನ್ನಡ. ಹುಡುಗಿಯರೂ ಹೋಗಿ. ಸುರುಳಿ ಸುತ್ತುವ ಬೆರಳಿಗೆ ಗಂಡುಹೆಣ್ಣೆಂಬ ಭೇದ ಗೊತ್ತಿಲ್ಲ.

ಶಿಕ್ಷಕರಿಗೂ ಒಂದು ಮಾತು. ಫ್ಯಾರಡೆ, ಟೆಸ್ಲಾ ಪಾಠ ಮಾಡುವ ದಿನ ಒಂದು ಹಳೇ ಮೋಟಾರನ್ನು ತರಗತಿಗೆ ತನ್ನಿ, ಜೊತೆಗೆ ಅದನ್ನು ಸರಿಮಾಡುವವರನ್ನೂ ಕರೆತನ್ನಿ. ಮೇಜಿನ ಈಚೆ ನೀವು ನಿಲ್ಲಿ, ಆಚೆ ಅವರು ಕೂರಲಿ. ಮಕ್ಕಳು ಅವರನ್ನು ‘ಸರ್’ ಅಂತ ಕರೆಯಲಿ.

ಮೈಸೂರಿನ ವಿದ್ಯುತ್ತಿನ ಚರಿತ್ರೆಯಲ್ಲಿ ದಿವಾನರ ಹೆಸರಿದೆ, ಇಂಜಿನಿಯರುಗಳ ಹೆಸರಿದೆ. ತಿರುವಾಂಕೂರಿನಲ್ಲೂ ಹಾಗೇ. ಪವರ್ ಹೌಸ್ ರಸ್ತೆಗೆ ಪವರ್ ಹೌಸಿನ ಹೆಸರು ಉಳಿದಿದೆ. ಆ ವಿದ್ಯುತ್ತಿನಿಂದ ತಿರುಗಿದ ಮೋಟಾರುಗಳನ್ನು ನೂರು ವರ್ಷ ತಿರುಗುವಂತೆ ನೋಡಿಕೊಂಡವರ ಹೆಸರು ಯಾವ ರಸ್ತೆಗೂ ಇಲ್ಲ. ರಸ್ತೆಗೆ ಹೆಸರಿಡುವುದು ನಮ್ಮ ಕೈಯಲ್ಲಿಲ್ಲ. ಕಾಗದದ ಮೇಲೆ ಬರೆದಿಡುವುದು ನಮ್ಮ ಕೈಯಲ್ಲಿದೆ. ಚರಿತ್ರೆಗೂ ಮರಮ್ಮತ್ ಬೇಕಾಗುತ್ತದೆ. ಉಸ್ತಾದರು ಇನ್ನೂ ಅಂಗಡಿಯಲ್ಲಿ ಕೂತಿರುವಾಗಲೇ ಆ ಕೆಲಸ ಶುರುವಾಗಲಿ.